ಈಜುಡುಗೆಗಳ ಪಂದ್ಯ

ಮಂಗಳೂರಿನ ಈಜುಗಾತಿ ಐರಿನ್‌ಗೆ ಒಂದು ಉಡುಪಿನ ಕಂಪನಿ ಪ್ರಾಯೋಜಕ, ಅವಳ ಸಂಘಕ್ಕೆ ಇನ್ನೊಂದು. ಫೈನಲ್ ದಿನ ಎರಡೂ ಕಂಪನಿಗಳ ವಕೀಲರು ತಮ್ಮ ತಮ್ಮ ಈಜುಡುಗೆ ಹಿಡಿದು ಅಭ್ಯಾಸದ ಕೊಳಕ್ಕೇ ಬಂದರು.

“ನೀನು ಗೆಲ್ಲುವುದು ನಮ್ಮ ಈಜುಡುಗೆಯಿಂದ. ಬೇರೆಯದು ಹಾಕಿದರೆ ಕೋರ್ಟಿಗೆ ಎಳೆಯುತ್ತೇವೆ” ಎಂದು ಇಬ್ಬರೂ ಗುಡುಗಿದರು.

ಐರಿನ್ ಎರಡೂ ಉಡುಗೆಗಳನ್ನು ಮೆಲ್ಲಗೆ ನೀರಿಗೆ ಬಿಟ್ಟಳು. “ಗೆಲ್ಲುವುದು ಉಡುಗೆಯೇ ತಾನೆ? ಹಾಗಾದರೆ ಅವೇ ಈಜಲಿ. ಮೊದಲು ಆಚೆ ದಡ ಮುಟ್ಟಿದ್ದನ್ನು ಹಾಕಿಕೊಳ್ಳುತ್ತೇನೆ.”

ನೀಲಿ ನೀರಿನಲ್ಲಿ ಅವು ನಿದ್ದೆಗಣ್ಣಿನ ಮೀನುಗಳಂತೆ ತೇಲಿದವು. ಬಿಸಿಲು ಅವುಗಳ ಮೇಲೆ ತೂಗಾಡಿತು. ವಕೀಲರು ಮೈಮರೆತು ನೋಡುತ್ತಾ ನಿಂತರು. ಒಬ್ಬರು ತಡೆಯಲಾರದೆ, “ಬಾ ಮರಿ, ಮುಂದೆ ಬಾ!” ಎಂದರು. ಇನ್ನೊಬ್ಬರು ಮಂಡಿಯೂರಿ ನೀರನ್ನು ತಳ್ಳತೊಡಗಿದರು.

ಐರಿನ್ ತನ್ನ ಹಳೆಯ ಈಜುಡುಗೆ ತೊಟ್ಟು, ಫೈನಲ್ ನಡೆಯಲಿದ್ದ ಪಕ್ಕದ ಕೊಳಕ್ಕೆ ಧುಮುಕಿದಳು. ಅವಳು ಗೆದ್ದು ಚಪ್ಪಾಳೆ ಮೊಳಗಿದಾಗ ವಕೀಲರು ತಲೆಯೆತ್ತಲೇ ಇಲ್ಲ.

“ಶ್! ನಮ್ಮದು ಈಗಷ್ಟೇ ಒಂದು ಗೇಣು ಮುಂದೆ ಬಂದಿದೆ.”