ಸೀಮೆಎಣ್ಣೆ ಹೆಚ್ಚಿದ ಮನೆ

"ಗುರುಗಳೇ, ಭಾಷೆ ಬಾರದವರಿಗೆ ನೆರವಾಗುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನ ಹೆಸರು ನಿಜಗುಣ. ಮಠದ ದಾಸೋಹದ ಹೊಣೆ ಅವನದು. ಆ ವಾರ ದೂರದ ನಾಡಿನ ಯಾತ್ರಿಕರ ತಂಡವೊಂದು ಬಂದಿತ್ತು. ಅವರಿಗೆ ಹಸಿವೋ ಜ್ವರವೋ, ಅನ್ನ ಬೇಕೋ ಹಾಸಿಗೆ ಬೇಕೋ ತಿಳಿಯದೆ ಅವನು ಬೆಳಗಿನಿಂದ ಒದ್ದಾಡಿ ಹೋಗಿದ್ದ.

"ನಮ್ಮವರಾದರೆ ಚಿಂತೆಯಿಲ್ಲ. ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದರೆ ಸಾಕು, ಎಲ್ಲ ತಿಳಿದುಹೋಗುತ್ತದೆ" ಎಂದ.

"ತಿಳಿದುಹೋಗುತ್ತದೆಯೋ? ಭಲೆ" ಎಂದು ಗುರುಗಳು ನಕ್ಕರು. "ಹಾಗಾದರೆ ಕೂತುಕೋ. ನಿನ್ನಷ್ಟೇ ಚುರುಕಾದ ಒಬ್ಬನ ಕತೆ ಹೇಳುತ್ತೇನೆ."

ಉತ್ತರದ ಹಿಮದ ಬೆಟ್ಟಗಳಲ್ಲಿ ನದಿಗೆ ಅಡ್ಡಗಟ್ಟೆ ಕಟ್ಟಿ ಕರೆಂಟು ತೆಗೆಯುವ ಜಾಗವೊಂದಿತ್ತು. ಕೆಲಸಗಾರರಿಗೆಂದು ಬೆಟ್ಟದ ಮಗ್ಗುಲಲ್ಲಿ ಹನ್ನೊಂದು ಮನೆ ಕಟ್ಟಿದ್ದರು. ಹನ್ನೊಂದು ಮನೆಗೆ ಏಳೆಂಟು ಭಾಷೆ. ಕೆಲವರು ಆ ಬೆಟ್ಟದವರೇ, ಉಳಿದವರು ಎಲ್ಲೆಲ್ಲಿಂದಲೋ ಹೊಟ್ಟೆಪಾಡಿಗೆ ಬಂದವರು. ಅವರ ನಡುವೆ ಉಗ್ರಾಣ ನೋಡಿಕೊಳ್ಳುವವನೊಬ್ಬನಿದ್ದ. ಅವನು ಕನ್ನಡದವನು. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು, ತಂದೆಯ ಜೊತೆ ಒಂದು ಕಟ್ಟೆಯ ಕೆಲಸದಿಂದ ಇನ್ನೊಂದು ಕಟ್ಟೆಯ ಕೆಲಸಕ್ಕೆ ಅಲೆಯುತ್ತ ಬೆಳೆದವನು. ಅವನ ಕನ್ನಡವೆಲ್ಲ ಗಂಡಸರ ಬಾಯಿಂದ ಕಲಿತದ್ದು. ಹಾಗಿದ್ದರೂ ಕನ್ನಡವೆಂದರೆ ಅವನಿಗೆ ಪ್ರಾಣ. ಎರಡು ವರ್ಷದಿಂದ ಆ ಬೆಟ್ಟದ ಮೇಲೆ ಕನ್ನಡ ಆಡುವ ಒಂದು ನರಪಿಳ್ಳೆಯೂ ಸಿಕ್ಕಿರಲಿಲ್ಲ.

ಆ ವರ್ಷ ಚಳಿಗಾಲಕ್ಕೆ ಸ್ವಲ್ಪ ಮುಂಚೆ ಕೊನೆಯ ಮನೆಗೆ ಒಬ್ಬ ಹೊಸ ಕೆಲಸಗಾರ ಬಂದ. ಅವನೂ ಕನ್ನಡದವನೇ. ಜೊತೆಗೆ ತುಂಬು ಬಸುರಿ ಹೆಂಡತಿ. ಅವಳ ಬಾಣಂತನಕ್ಕೆಂದು ಊರಿನಿಂದ ಅವಳ ತಾಯಿಯೂ ಬಂದಳು. ಉಗ್ರಾಣದವನ ಸಂತೋಷಕ್ಕೆ ಪಾರವೇ ಇರಲಿಲ್ಲ. ಹೆರಿಗೆ ಸುಸೂತ್ರವಾಯಿತು, ಗಂಡುಮಗು. ಮಗು ಹುಟ್ಟಿದ ಆರನೆಯ ದಿನ, ತಂದೆಯಾದವನು ಯಂತ್ರದ ಬಿಡಿಭಾಗ ತರಲು ಕಣಿವೆಯ ಆಚೆಗೆ ಹೋದ. ಅವನು ಹೋದ ಮಧ್ಯಾಹ್ನವೇ ಹಿಮಗಾಳಿ ಎದ್ದಿತು.

ಅದು ಸಾಮಾನ್ಯ ಗಾಳಿಯಲ್ಲ. ಒಂದೇ ಏಟಿಗೆ ಕಂಬಗಳು ಉರುಳಿದವು, ತಂತಿಗಳು ಹರಿದವು. ಊರೂರಿಗೆ ಕರೆಂಟು ಕೊಡುವವರ ಮನೆಯಲ್ಲೇ ಕತ್ತಲೆ. ಬರೀ ಕತ್ತಲೆಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಆ ಮನೆಗಳಲ್ಲಿ ಬೆಚ್ಚಗಾಗುವುದಕ್ಕೂ ಕರೆಂಟೇ ಬೇಕಿತ್ತು. ಪುಕ್ಕಟೆ ಸಿಗುತ್ತದೆಂದು ಎಲ್ಲರೂ ಹೀಟರು ಇಟ್ಟುಕೊಂಡು, ಕಟ್ಟಿಗೆ ಕೂಡಿಡುವುದನ್ನೇ ಬಿಟ್ಟಿದ್ದರು. ಎರಡು ದಿನದಲ್ಲಿ ನಲ್ಲಿಯ ನೀರು ಕೊಳವೆಯೊಳಗೇ ಕಲ್ಲಾಯಿತು. ಫೋನುಗಳು ಸತ್ತವು. ಕಣಿವೆಯ ದಾರಿ ಮುಚ್ಚಿಹೋಯಿತು. ಎಲ್ಲರ ಬಳಿಯೂ ಉಳಿದದ್ದು ಒಂದು ಸೀಮೆಎಣ್ಣೆಯ ಸ್ಟವ್ವು, ಒಂದು ಲಾಟೀನು, ಡಬ್ಬಿಯ ತಳದಲ್ಲಿ ಅಷ್ಟಿಷ್ಟು ಎಣ್ಣೆ.

ಉಗ್ರಾಣದಲ್ಲಿ ಒಂದು ಪೀಪಾಯಿ ಸೀಮೆಎಣ್ಣೆ ಇತ್ತು. ಅದೂ ಅರ್ಧ. ಕೇಳಿದವರಿಗೆಲ್ಲ ಕೇಳಿದಷ್ಟು ಕೊಟ್ಟರೆ ಸಾಲುವುದಿಲ್ಲ. ಹಂಚುವುದರಲ್ಲಿ ಎಡವಟ್ಟಾದರೆ ಯಾವುದೋ ಮನೆಯಲ್ಲಿ ಜೀವ ಹೋಗುತ್ತದೆ. ಉಗ್ರಾಣದವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಮೂರನೆಯ ದಿನ ಬೆಳಿಗ್ಗೆ ಗಾಳಿ ತುಸು ಇಳಿದಾಗ, ಮೊದಲು ಪ್ರತಿ ಮನೆಯ ಸ್ಥಿತಿ ತಿಳಿದುಕೊಂಡು ಆಮೇಲೆ ಎಣ್ಣೆ ಹೊರುವುದೆಂದು ಹೊರಟ. ಸೊಂಟದವರೆಗೆ ಹಿಮ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಅವನು ಒಳ್ಳೆಯವನು, ನಿಜಗುಣ. ಅದನ್ನು ಮರೆಯಬೇಡ.

ಮೊದಲ ಮನೆಯಲ್ಲಿ ಐವರು ಗಂಡಸರು. ಅವರ ಮಾತು ಅವನಿಗೆ ಒಂದಕ್ಷರ ತಿಳಿಯದು. ಒಳಗೆ ಹೋದ. ಯಂತ್ರ ಬಂದಿದ್ದ ಮರದ ಪೆಟ್ಟಿಗೆಗಳನ್ನು ಒಡೆದು ತಗಡಿನ ಮೇಲೆ ಉರಿಸುತ್ತಿದ್ದರು. ಹೊಗೆ ಹೋಗಲೆಂದು ಕಿಟಕಿಯ ಒಂದು ಗಾಜು ತೆಗೆದಿದ್ದರು. ಅವನು ಎಣ್ಣೆಯ ಡಬ್ಬಿ ಎತ್ತಿ ಅಲ್ಲಾಡಿಸಿ ನೋಡಿದ. ಇನ್ನೊಂದು ಮನೆಯಲ್ಲಿ ಬೆಟ್ಟದ ಹೆಂಗಸೊಬ್ಬಳು ಗುಂಡುಕಲ್ಲು ಕಾಯಿಸಿ, ಗೋಣಿಯಲ್ಲಿ ಸುತ್ತಿ ಮಕ್ಕಳ ಕಾಲಬುಡದಲ್ಲಿ ಇಟ್ಟಿದ್ದಳು. ಅವನು ಬಗ್ಗಿ ಮಕ್ಕಳ ಅಂಗಾಲು ಮುಟ್ಟಿ ನೋಡಿದ, ಬೆಚ್ಚಗಿತ್ತು. ಮತ್ತೊಂದು ಕಡೆ ಮೂರು ಸಂಸಾರ ಒಂದೇ ಕೋಣೆಯಲ್ಲಿ ಸೇರಿಕೊಂಡು, ಮೇಕೆಯನ್ನೂ ಒಳಗೆ ತಂದುಕೊಂಡು, ಪಾತ್ರೆಯಲ್ಲಿ ಹಿಮ ಕರಗಿಸಿ ಚಹಾ ಕಾಯಿಸುತ್ತಿದ್ದರು. ಅಲ್ಲಿಯೂ ಡಬ್ಬಿ ಅಲ್ಲಾಡಿಸಿದ, ಸ್ಟವ್ವಿನ ಬತ್ತಿ ನೋಡಿದ. ಮುದುಕನೊಬ್ಬ ಏನೋ ದೊಡ್ಡ ಭಾಷಣ ಮಾಡಿದ. ತಲೆಯಾಡಿಸಿ ಹೊರಬಂದ. ಹೀಗೆ ಹತ್ತು ಮನೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೈಕಾಲು ಮರಗಟ್ಟಿದ್ದವು.

ಕೊನೆಯದು ಕನ್ನಡದ ಮನೆ. ಬೇಕೆಂತಲೇ ಅದನ್ನು ಕೊನೆಗೆ ಉಳಿಸಿಕೊಂಡಿದ್ದ. ಸನ್ನೆ ಮಾಡಿ ಮಾಡಿ ಸೋತವನಿಗೆ ಅಲ್ಲಿ ನಾಲ್ಕು ಮಾತಾದರೂ ನೆಮ್ಮದಿಯಾಗಿ ಆಡಬಹುದಲ್ಲ ಎಂಬ ಆಸೆ. ಬಾಗಿಲು ಮುಚ್ಚಿತ್ತು. ಕಿಟಕಿಗೆ ಒಳಗಿನಿಂದ ಗೋಣಿಚೀಲ ಕಟ್ಟಿದ್ದರು. ಹಸಿ ಬಾಣಂತಿಯ ಮನೆ, ಪುರುಡು ಬೇರೆ ಕಳೆದಿಲ್ಲ, ಗಂಡಸು ಊರಲ್ಲಿಲ್ಲ. ಬಾಗಿಲು ತೆಗೆಸಿದರೆ ಮಗುವಿಗೆ ಗಾಳಿ ತಾಗುತ್ತದೆ. ಅಷ್ಟು ತಿಳಿವಳಿಕೆ ಅವನಿಗಿತ್ತು. ಹೊರಗೇ ನಿಂತು ಕೂಗಿದ.

"ಅಮ್ಮಾ, ನಾನು, ಉಗ್ರಾಣದವನು. ಹೇಗಿದ್ದೀರಿ? ಸೀಮೆಎಣ್ಣೆ ಇದೆಯಾ?"

ಬಾಗಿಲ ಹಿಂದಿನಿಂದ ಬಾಣಂತಿಯ ತಾಯಿಯ ದನಿ ಬಂತು. "ಹೆಚ್ಚಿದೆ ಕಣಪ್ಪಾ. ನಿನ್ನೆ ಸಂಜೇನೇ ಹೆಚ್ಚಿತು."

"ದೀಪ?"

"ದೀಪಾನೂ ದೊಡ್ಡದಾಯ್ತು."

"ಒಲೆ?"

"ಅದೂ ದೊಡ್ಡದಾಗಿದೆ ಕಣೋ ನಮ್ಮಪ್ಪ. ಹಸುಗೂಸಿರೋ ಮನೆ, ಇನ್ನು ಹೇಗಂತ ಹೇಳಲಿ?"

ಉಗ್ರಾಣದವನ ಎದೆ ಹಗುರಾಯಿತು. ಹತ್ತು ಮನೆಯಲ್ಲೂ ಡಬ್ಬಿಯ ತಳ ಕಾಣುತ್ತಿತ್ತು. ಇಲ್ಲಿ ನೋಡಿದರೆ ಎಣ್ಣೆ ಹೆಚ್ಚಿದೆಯಂತೆ, ದೀಪ ದೊಡ್ಡದಂತೆ, ಒಲೆಯೂ ದೊಡ್ಡದಂತೆ. ನಮ್ಮ ಕಡೆಯ ಹೆಂಗಸರ ಜಾಣತನವೇ ಜಾಣತನ ಎಂದು ಬೀಗಿದ.

"ಹಾಗಾದರೆ ನಿಮ್ಮದೇನೂ ಯೋಚನೆಯಿಲ್ಲ ಬಿಡಿ. ನಾನು ಉಗ್ರಾಣಕ್ಕೆ ಹೋಗಿ ಎಣ್ಣೆ ಹೊರಬೇಕು" ಎಂದು ಕೂಗಿದ.

"ಬೇಗ ಹೋಗಪ್ಪಾ. ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು ತಾಯಿ.

ಅವನು ಹೋದ. ಸಂಜೆಯೊಳಗೆ ಹತ್ತು ಮನೆಗೂ ಎಣ್ಣೆ ಹೊತ್ತು ಹಾಕಿದ. ಅವರವರ ಡಬ್ಬಿಯಲ್ಲಿ ಎಷ್ಟು ಕಡಿಮೆಯಿತ್ತೋ ಅಷ್ಟು ಅಳೆದು ಕೊಟ್ಟ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಕೊನೆಗೆ ಪೀಪಾಯಿಯಲ್ಲಿ ನಾಲ್ಕು ಲೀಟರು ಉಳಿಯಿತು. ಕೇಳುವವರು ಇನ್ನಾರೂ ಇರಲಿಲ್ಲ. ಮುಚ್ಚಳ ಬಿಗಿದು, ಕಂಬಳಿ ಹೊದ್ದು ಮಲಗಿದ. ಮಾಡಬೇಕಾದ್ದನ್ನು ಮಾಡಿದೆನೆಂಬ ತೃಪ್ತಿಗೆ ಒಳ್ಳೆಯ ನಿದ್ದೆ ಬಂತು. ಹೊರಗೆ ಗಾಳಿ ಮತ್ತೆ ಜೋರಾಯಿತು.

ಬೆಳಗಾಗಿ ಎಷ್ಟೋ ಹೊತ್ತಿನ ಮೇಲೆ ಉಗ್ರಾಣದ ಬಾಗಿಲನ್ನು ಯಾರೋ ದಬದಬ ಬಡಿದರು. ಮಕ್ಕಳ ಕಾಲಿಗೆ ಕಲ್ಲು ಕಾಯಿಸಿಟ್ಟಿದ್ದ ಬೆಟ್ಟದ ಹೆಂಗಸು ನಿಂತಿದ್ದಳು. ಅವಳದು ಕನ್ನಡದವರ ಪಕ್ಕದ ಮನೆ. ಏನೇನೋ ಹೇಳಿದಳು. ಇವನಿಗೆ ತಿಳಿಯಲಿಲ್ಲ. ಅವಳು ಅಂಗೈಯನ್ನು ಕೆನ್ನೆಗಿಟ್ಟು ಕಣ್ಣು ಮುಚ್ಚಿ ತೋರಿಸಿದಳು. ನಿದ್ದೆ ಎಂದುಕೊಂಡ. ಅವಳು ತಲೆ ಅಲ್ಲಾಡಿಸಿ, ಅವನ ಕೈ ಹಿಡಿದು ಎಳೆದುಕೊಂಡು ಹೋದಳು.

ಕನ್ನಡದ ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ತಾಯಿ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದಳು. ಮೈಮೇಲೆ ಒಂದು ನೂಲಿನ ಸೀರೆ, ಅಷ್ಟೇ. ರೆಪ್ಪೆಯ ಕೂದಲಿಗೆ ಹಿಮ ಕಟ್ಟಿತ್ತು. ಮುಟ್ಟಿದ. ಕಬ್ಬಿಣ ಮುಟ್ಟಿದಂತಾಯಿತು. ಕೈ ತಾನಾಗಿ ಹಿಂದಕ್ಕೆ ಬಂತು. ಮೂಲೆಯಲ್ಲಿ ಸ್ಟವ್ವು ಇತ್ತು, ಅದರ ಮೇಲೂ ಬಿಳಿಯ ಹಿಮದ ಪದರ. ಅವನು ಓಡಿಹೋಗಿ ಡಬ್ಬಿ ಎತ್ತಿ ಅಲ್ಲಾಡಿಸಿದ. ಸದ್ದೇ ಬರಲಿಲ್ಲ. ತಲೆಕೆಳಗು ಮಾಡಿದ. ಒಂದು ತೊಟ್ಟೂ ಬೀಳಲಿಲ್ಲ.

ಅವನಿಗೆ ತಲೆಬುಡ ತಿಳಿಯಲಿಲ್ಲ. ಎಣ್ಣೆ ಹೆಚ್ಚಿದೆ ಎಂದು ತನ್ನ ಕಿವಿಯಾರೆ ಕೇಳಿದ್ದ. ಹಾಗಾದರೆ ಎಲ್ಲಿ ಹೋಯಿತು?

ಮಗಳೂ ಮಗುವೂ ಪಕ್ಕದ ಮನೆಯಲ್ಲಿದ್ದರು. ಮಗುವಿನ ಅಳು ನಿಲ್ಲದ್ದು ಕೇಳಿ ಆ ಬೆಟ್ಟದ ಹೆಂಗಸೇ ಬಾಗಿಲು ಒದ್ದು ತೆಗೆದು, ಇಬ್ಬರನ್ನೂ ತನ್ನ ಮನೆಗೆ ಹೊತ್ತುಕೊಂಡು ಹೋಗಿದ್ದಳು. ಮನೆಯಲ್ಲಿದ್ದ ರಜಾಯಿ, ಶಾಲು, ತಾಯಿಯ ಸ್ವೆಟರು, ಎಲ್ಲವೂ ಆ ಇಬ್ಬರ ಮೈಮೇಲಿದ್ದವು. ಮಗುವಿನ ಬಾಯಿ ಎದೆಗೆ ಕಚ್ಚಿಕೊಂಡಿತ್ತು. ಮಗಳು ಉಗ್ರಾಣದವನನ್ನು ಕಂಡಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಯಾಕೆ ಅಣ್ಣಾ ಬರಲಿಲ್ಲ?" ಎಂದಳು. "ಅಮ್ಮ ಬಾಗಿಲು ಬಿಟ್ಟು ಏಳಲೇ ಇಲ್ಲ. ಪಕ್ಕದವರನ್ನ ಕೂಗೋಣ ಅಂದೆ. ಅವರಿಗೆ ನಮ್ಮ ಮಾತು ಎಲ್ಲಿ ಅರ್ಥವಾಗುತ್ತೆ, ನಮ್ಮವನೇ ಹೋಗಿದಾನಲ್ಲ, ಹೊತ್ತುಕೊಂಡು ಬರ್ತಾನೆ ಅಂದಳು. ನೀವು ಬಂದಾಗ ಬಾಗಿಲು ತೆಗೆಯೋದು ತಡವಾಗಬಾರದು ಅಂತ ಅಲ್ಲೇ ಕೂತಿದ್ದಳು."

"ನಾನು ಕೇಳಿದೆನಲ್ಲ ತಂಗಿ! ಎಣ್ಣೆ ಹೆಚ್ಚಿದೆ ಅಂದರಲ್ಲ!"

"ಹೌದು. ಹೆಚ್ಚಿದೆ ಅಂದಳು."

"ದೀಪ ದೊಡ್ಡದಾಯ್ತು ಅಂದರು!"

"ಹೌದಣ್ಣಾ. ದೊಡ್ಡದಾಯ್ತು ಅಂದಳು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರೂ ಹೇಳುತ್ತಿದ್ದುದು ಒಂದೇ ಮಾತು. ಮೊದಲು ಹೊಳೆದದ್ದು ಮಗಳಿಗೆ.

"ಅಯ್ಯೋ ಅಣ್ಣಾ, ಹಸುಗೂಸಿರೋ ಮನೇಲಿ ದೀಪ ಆರಿತು ಅಂತಾರಾ? ಎಣ್ಣೆ ಮುಗೀತು ಅಂತಾರಾ? ಆರಿದ್ದಕ್ಕೆ ದೊಡ್ಡದಾಯ್ತು ಅಂತೀವಿ. ಮುಗಿದಿದ್ದಕ್ಕೆ ಹೆಚ್ಚಿತು ಅಂತೀವಿ. ನಿಮ್ಮ ಮನೇಲಿ ನಿಮ್ಮಮ್ಮ ಹಾಗೆ ಅಂತಿರಲಿಲ್ಲವಾ?"

ಉಗ್ರಾಣದವನು ಇದ್ದ ಜಾಗದಲ್ಲೇ ಕುಸಿದು ಕೂತ. ತಾಯಿ ಪಾಪ ಕೂಗಿ ಹೇಳಿದ್ದಳು. ಎಣ್ಣೆ ನಿನ್ನೆ ಸಂಜೆಯೇ ತೀರಿತು, ದೀಪ ಆರಿತು, ಒಲೆಯೂ ಆರಿತು, ಹಸುಗೂಸಿನ ಮನೆಯಲ್ಲಿ ಇದಕ್ಕಿಂತ ಬಿಡಿಸಿ ಹೇಗೆ ಹೇಳಲಿ ಎಂದಿದ್ದಳು. ಎಣ್ಣೆ ತರಲು ಹೊರಟೆ ಎಂದವನಿಗೆ ಬೇಗ ಹೋಗಪ್ಪ ಎಂದು ಹರಸಿಯೂ ಇದ್ದಳು. ಅವಳು ಒಂದು ಮಾತನ್ನೂ ಮುಚ್ಚಿಡಲಿಲ್ಲ. ಇವನು ಒಂದು ಮಾತನ್ನೂ ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಉಗ್ರಾಣದಲ್ಲಿ ನಾಲ್ಕು ಲೀಟರು ಎಣ್ಣೆ ಹಾಗೆಯೇ ಇತ್ತು.

ಆ ಬೆಟ್ಟದ ಹೆಂಗಸು ಏನೂ ತಿಳಿಯದೆ ಇಬ್ಬರನ್ನೂ ನೋಡಿದಳು. ಆಮೇಲೆ ಅವನ ಎರಡೂ ಕೈ ಹಿಡಿದು ಒಲೆಯ ಹತ್ತಿರ ತಂದು, ಬೆಚ್ಚಗಾಗಿವೆಯೇ ಎಂದು ಮತ್ತೆ ಮತ್ತೆ ಒತ್ತಿ ನೋಡಿದಳು. ಅವನು ಆಗ ಅತ್ತ. ತನ್ನ ತಾಯಿ ಸತ್ತಾಗ ಅಳಲು ತಿಳಿಯದಿದ್ದವನು ಅಂದು ಬಿಕ್ಕಿ ಬಿಕ್ಕಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು.

ನಿಜಗುಣ ತಡೆಯಲಾರದೆ ಕೇಳಿದ: "ಆಕೆ ಇದ್ದದ್ದನ್ನೇ ಹೇಳಿದಳು. ಅವನು ಕೇಳಿದ್ದನ್ನೇ ನಂಬಿದ. ಇಬ್ಬರೂ ಒಳ್ಳೆಯವರು. ಹಾಗಿದ್ದ ಮೇಲೆ ಆ ತಾಯಿ ಉಳಿಯುವ ದಾರಿಯೇ ಇರಲಿಲ್ಲವೇ, ಗುರುಗಳೇ?"

"ಇತ್ತಲ್ಲ" ಎಂದರು ಗುರುಗಳು. "ಅವನಿಗೆ ಕನ್ನಡ ಬಾರದೇ ಇದ್ದಿದ್ದರೆ ಸಾಕಿತ್ತು."