ಒಲೆಗೆ ಬಿದ್ದ ಕುಲಾವಿ

"ಗುರುಗಳೇ, ಹೊಟ್ಟೆಕಿಚ್ಚು ಇರುವ ಮನಸ್ಸಿನಲ್ಲಿ ಪ್ರೀತಿ ಇರುವುದುಂಟೆ?" ಎಂದು ಶಿಷ್ಯ ಕೇಳಿದ.

ಆ ದಿನ ಬೆಳಿಗ್ಗೆ ಮಕ್ಕಳಿಲ್ಲದ ಹೆಂಗಸೊಬ್ಬಳು ಮಠಕ್ಕೆ ಬಂದಿದ್ದಳು. ತಂಗಿಯ ಮೇಲೆ ತನಗೆ ಪ್ರಾಣ, ಆದರೆ ಅವಳ ಬಸಿರನ್ನು ನೋಡಲಾಗುತ್ತಿಲ್ಲ ಎಂದು ಅತ್ತಿದ್ದಳು. ಮೊದಲು ಹೊಟ್ಟೆಕಿಚ್ಚು ಬಿಡು, ಆಮೇಲೆ ಪ್ರೀತಿಯ ಮಾತಾಡು ಎಂದು ಶಿಷ್ಯ ಅವಳನ್ನು ಕಳಿಸಿಬಿಟ್ಟಿದ್ದ.

ಗುರು ಹೇಳಿದರು:

ಒಂದೂರಿನಲ್ಲಿ ಒಬ್ಬ ಗಾಣಿಗನ ಮನೆ. ಆ ಮನೆಗೆ ಇಬ್ಬರು ಸೊಸೆಯರು. ಹಿರಿಯಳು ನಿಂಬೆವ್ವ, ಕಿರಿಯಳು ಕಾಶವ್ವ. ಮದುವೆಯಾಗಿ ಬಹಳ ವರ್ಷಗಳಾದರೂ ನಿಂಬೆವ್ವನಿಗೆ ಮಕ್ಕಳಾಗಲಿಲ್ಲ. ಹರಕೆ ಹೊತ್ತಳು, ಕಷಾಯ ಕುಡಿದಳು, ಉಪವಾಸ ಮಾಡಿದಳು. ಮುಂಜಾನೆ ಅವಳು ಎದುರಾದರೆ ಕೇರಿಯವರು ಮುಖ ತಿರುಗಿಸುತ್ತಿದ್ದರು. ಅವಳ ಗಂಡನಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕಾಶವ್ವ ಬಂದ ವರ್ಷವೇ ಬಸಿರಾದಳು.

ನಿಂಬೆವ್ವನಿಗೆ ಹೊಟ್ಟೆ ಉರಿಯಿತು. ಕಾಶವ್ವ ಹುಳಿ ಬೇಡಿದರೆ ಉರಿಯಿತು, ಸೊಂಟ ಹಿಡಿದು ಕೂತರೆ ಉರಿಯಿತು. ಅತ್ತೆ ಕಿರಿಯಳ ತಟ್ಟೆಗೆ ಕೇಳದೆಯೇ ತುಪ್ಪ ಬಡಿಸಿದ ದಿನ ಅವಳು ಉಣ್ಣದೆ ಎದ್ದಳು. ಆದರೂ ತನ್ನ ಮದುವೆಯ ರೇಷ್ಮೆ ಕುಪ್ಪಸವನ್ನು ಬಿಚ್ಚಿ, ಹುಟ್ಟುವ ಮಗುವಿನ ತಲೆಗೆಂದು ಕುಲಾವಿ ಹೊಲಿಯತೊಡಗಿದಳು.

ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕೇರಿಯ ಮುತ್ತೈದೆಯರೆಲ್ಲ ಸೇರಿದರು. ಅತ್ತೆ ಹಿರಿಯ ಸೊಸೆಯನ್ನು ಪಕ್ಕಕ್ಕೆ ಕರೆದು, "ನೀನು ಒಳಗಿರು. ಶುಭಕಾರ್ಯಕ್ಕೆ ಬಂಜೆಯ ನೆರಳು ಬೇಡ" ಎಂದಳು.

ನಿಂಬೆವ್ವ ಒಲೆಯ ಮುಂದೆ ಕೂತು ಬಂದವರಿಗೆಲ್ಲ ಹೋಳಿಗೆ ಬೇಯಿಸಿದಳು. ಹೊರಗೆ ಜೋಗುಳ ಶುರುವಾಯಿತು. ಕುಲಾವಿ ಎಲ್ಲಿ ಎಂದು ಯಾರೋ ಕೂಗಿದರು. ಅದು ಅವಳ ಮಡಿಲಲ್ಲೇ ಇತ್ತು. ಅವಳು ಅದನ್ನು ಒಲೆಗೆ ಹಾಕಿದಳು.

ರೇಷ್ಮೆ ಸುಟ್ಟ ನಾತಕ್ಕೆ ಅತ್ತೆ ಓಡಿಬಂದಳು. ಇವಳನ್ನು ಇವತ್ತೇ ತವರಿಗೆ ಅಟ್ಟಿ ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಎಂದು ಕೂಗಾಡಿದಳು. ನಿಂಬೆವ್ವನ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಗ ಕಾಶವ್ವ ಮಗುವನ್ನೆತ್ತಿಕೊಂಡು ಒಳಗೆ ಬಂದಳು.

"ಹೌದು ಕಾಶೀ, ಹೊಟ್ಟೆಕಿಚ್ಚಿನಿಂದಲೇ ಸುಟ್ಟೆ" ಎಂದಳು ನಿಂಬೆವ್ವ.

"ಹೊಲಿಯುವಾಗ ಹೊಟ್ಟೆಕಿಚ್ಚು ಇರಲಿಲ್ಲವೇನಕ್ಕಾ?" ಎಂದು ಕಾಶವ್ವ ಕೇಳಿದಳು.

"ಇತ್ತು. ಒಂದೊಂದು ಹೊಲಿಗೆಗೂ ಇತ್ತು. ಆದರೂ ಹೊಲಿದೆ."

"ಮತ್ತೆ ಇವತ್ತೇನಾಯಿತು?"

"ಇವತ್ತು ನನ್ನನ್ನು ಕರೆಯಲಿಲ್ಲ."

ಕಾಶವ್ವ ಅವಳ ಕೈ ಹಿಡಿದು ಎಬ್ಬಿಸಿದಳು. ತೊಟ್ಟಿಲ ಬಳಿಗೆ ಕರೆತಂದು, ಎಲ್ಲರೆದುರು ಮಗುವನ್ನು ಅವಳ ಕೈಗೆ ಕೊಟ್ಟಳು. ಹೆಸರು ನೀನೇ ಹೇಳು ಅಂದಳು. ಕೆಲವು ಹೆಂಗಸರು ಎದ್ದು ಹೋದರು. ಅತ್ತೆ ಹಣೆ ಚಚ್ಚಿಕೊಂಡಳು. ನಿಂಬೆವ್ವ ಬರಿದಲೆಯ ಕೂಸನ್ನು ಎದೆಗೊತ್ತಿಕೊಂಡು ಅದರ ಕಿವಿಯಲ್ಲಿ ಹೆಸರು ಹೇಳಿದಳು. ಅವಳಿಗೆ ಮಕ್ಕಳು ಕೊನೆಗೂ ಆಗಲಿಲ್ಲ. ಆ ಮಗು ಅವಳ ಮಗ್ಗುಲಲ್ಲೇ ಮಲಗಿ ಬೆಳೆಯಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಅವಳ ಹೊಟ್ಟೆಕಿಚ್ಚು ಆಮೇಲಾದರೂ ಹೋಯಿತೆ?" ಎಂದು ಕೇಳಿದ.

"ಅವಳನ್ನು ಒಳಗೆ ಕೂರಿಸಿದವರಿಗೆ ಬುದ್ಧಿ ಬಂತೆ ಎಂದು ನೀನು ಕೇಳಲಿಲ್ಲ" ಎಂದರು ಗುರು.