ಏಳು ಉಂಡೆಗಳ ಸಾಹುಕಾರ್ತಿ

ಒಂದು ಕಾಡಿನಲ್ಲಿ, ಆನೆಗಳು ನೀರಿಗೆ ಹೋಗುವ ದಾರಿಯ ಪಕ್ಕ, ದುಂಡವ್ವ ಎಂಬ ಸಗಣಿಹುಳು ಇದ್ದಳು. ಆನೆಗಳು ಹಾದುಹೋದ ಮೇಲೆ ಬಿದ್ದ ಲದ್ದಿಯನ್ನು ಉಂಡೆ ಕಟ್ಟುವುದು, ಹಿಂಗಾಲಿನಿಂದ ಉರುಳಿಸಿಕೊಂಡು ಬರುವುದು, ಒಂದೊಂದರಲ್ಲಿ ಒಂದೊಂದು ಮೊಟ್ಟೆ ಇಟ್ಟು ಹೂಳುವುದು, ಇಷ್ಟೇ ಅವಳ ಬದುಕು. ಆ ವರ್ಷ ಏಳು ಉಂಡೆಗಳಾಗಿದ್ದವು. ಮರಿಗಳು ಹೊರಬರಲು ಇನ್ನೊಂದು ತಿಂಗಳಿತ್ತು.

ಆಗಲೇ ದೂರದೇಶದ ಕೊಕ್ಕರೆಯೊಂದು ಬಂದು ಸಿಂಹರಾಜನಿಗೆ ಸುದ್ದಿ ಹೇಳಿತು. ತಾನು ಕಂಡ ಕಾಡುಗಳಲ್ಲಿ ಇದ್ದವರಿಂದ ತೆಗೆದು ಇಲ್ಲದವರಿಗೆ ಕೊಡುತ್ತಾರಂತೆ, ಅಲ್ಲಿ ಹಸಿದವರೇ ಇಲ್ಲವಂತೆ. ಸಿಂಹಕ್ಕೆ ಮಾತು ಹಿಡಿಸಿತು. ನಮ್ಮಲ್ಲೂ ಹಾಗೇ ಆಗಲಿ ಎಂದು ನರಿಗೆ ಅಧಿಕಾರ ಕೊಟ್ಟಿತು.

ನರಿ ಮೊದಲು ಹುಲಿಯ ಗವಿಗೆ ಹೋಯಿತು. ಹುಲಿ ಒಮ್ಮೆ ಗುರ್ ಎಂದಿತು. ಹುಲಿ ಬಡವರ ಪೈಕಿ ಎಂದು ತೀರ್ಮಾನಿಸಿ ನರಿ ಹಿಂದಿರುಗಿತು. ಜಿಂಕೆಗಳ ಹತ್ತಿರ ಬಾಯಲ್ಲಿದ್ದ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ನೆಲ ಮೂಸುತ್ತ ದುಂಡವ್ವನ ಮನೆಗೆ ಬಂದು, ಹೂತದ್ದನ್ನೆಲ್ಲ ಕೆದಕಿ ಹೊರಗಿಟ್ಟಿತು.

"ಏಳು ಉಂಡೆ. ಇಡೀ ಕಾಡಲ್ಲಿ ಇಷ್ಟು ಕೂಡಿಟ್ಟವರು ಇನ್ನೊಬ್ಬರಿಲ್ಲ ದುಂಡವ್ವ. ನೀನು ದೊಡ್ಡ ಸಾಹುಕಾರ್ತಿ," ಎಂದಿತು.

ದುಂಡವ್ವನಿಗೆ ತಲೆ ಗಿರ್ರೆಂದಿತು. ಇಷ್ಟು ದಿನ ಅವಳನ್ನು ಕಂಡರೆ ಮೂಗು ಮುಚ್ಚುವವರೇ ಎಲ್ಲ. ತಾನು ಸಾಹುಕಾರ್ತಿಯಾದದ್ದು ಯಾವಾಗ?

"ನರಿಯಪ್ಪ, ಅದು ಲದ್ದಿ," ಎಂದಳು.

"ಲದ್ದಿಯೋ ಬೆಲ್ಲವೋ, ಒಬ್ಬರಿಗೆ ಒಂದೇ ಅನ್ನೋದು ನಿಯಮ."

"ಒಳಗೆ ನನ್ನ ಮಕ್ಕಳಿದಾರೆ."

"ಒಳಗೇನಿದೆ ಅಂತ ನೋಡೋದು ನನ್ನ ಕೆಲಸ ಅಲ್ಲವ್ವ. ಹೊರಗೆಷ್ಟಿದೆ ಅಂತ ನೋಡೋದಷ್ಟೇ."

ಅವಳಿಗೆ ಒಂದುಂಡೆ ಬಿಟ್ಟು, ಹಂಚುವವನ ಪಾಲೆಂದು ಮೂರನ್ನು ತನ್ನ ಬಿಲಕ್ಕೆ ಸಾಗಿಸಿ, ಉಳಿದ ಮೂರನ್ನು ಹಂಚಲು ನರಿ ಕೂತಿತು. ಏನೋ ಕೊಡುತ್ತಿದ್ದಾರೆ ಎಂದು ಕಾಡೆಲ್ಲ ಸಾಲು ನಿಂತಿತು. ಇದನ್ನು ಏನು ಮಾಡುವುದು ಎಂದು ಮೊಲ ಕೇಳಿತು. ತನಗೂ ಗೊತ್ತಿಲ್ಲ, ಆದರೆ ಸಾಲು ಬಿಟ್ಟರೆ ಸಿಗುವುದಿಲ್ಲ ಎಂದಿತು ಮುಳ್ಳುಹಂದಿ. ಮೊಲಕ್ಕೊಂದು, ಮುಳ್ಳುಹಂದಿಗೊಂದು, ನವಿಲಿಗೊಂದು ಸಿಕ್ಕಿತು.

ಇನ್ನು ಮುಂದೆ ಅಪ್ಪಣೆಯಿಲ್ಲದೆ ಯಾರೂ ಉಂಡೆ ಕಟ್ಟುವಂತಿಲ್ಲ ಎಂದೂ ನರಿ ಸಾರಿತು. ದುಂಡವ್ವ ದಿನವೂ ಅಪ್ಪಣೆ ಕೇಳಲು ಹೋದಳು. ದಿನವೂ ನಾಳೆ ಬಾ ಎನ್ನಿಸಿಕೊಂಡು ಬಂದಳು. ಸಾಹುಕಾರರ ಪಾಡೇ ಹೀಗೋ ಏನೋ ಎಂದುಕೊಂಡಳು.

ಉಂಡೆ ಕಟ್ಟಿ ಒಯ್ಯುವವರಿಲ್ಲದೆ ಹತ್ತು ದಿನದಲ್ಲಿ ದಾರಿಯುದ್ದಕ್ಕೂ ಲದ್ದಿ ಕೊಳೆತು ನೊಣ ಎದ್ದವು. ನೊಣಗಳೆಲ್ಲ ಸಿಂಹರಾಜನ ಮುಖದ ಮೇಲೆ ಕೂತವು. ಅತ್ತ ನರಿಯ ಮೈಗೆ ಲದ್ದಿ ವಾಸನೆ ಹತ್ತಿತ್ತು. ಅದು ಬರುವುದು ಮೈಲಿ ದೂರದಿಂದಲೇ ಗೊತ್ತಾಗಿ ಇಲಿ ಕೂಡ ಕೈಗೆ ಸಿಗಲಿಲ್ಲ. ಹೊಟ್ಟೆ ಬೆನ್ನಿಗಂಟಿತು.

ಸಿಂಹ ಸಭೆ ಕರೆಯಿತು. ಇಷ್ಟು ದಿನ ಇಲ್ಲದ ನೊಣ ಈಗೆಲ್ಲಿಂದ ಬಂತೆಂದು ಕೇಳಿತು. ಎಲ್ಲರೂ ದುಂಡವ್ವನ ಕಡೆ ನೋಡಿದರು.

"ನಾನು ಬಡವಳೋ ಸಾಹುಕಾರ್ತಿಯೋ ನನಗೊಂದೂ ತಿಳೀತಿಲ್ಲ ಮಹಾಸ್ವಾಮಿ," ಎಂದಳು ಅವಳು. "ನನ್ನ ಮಕ್ಕಳನ್ನ ವಾಪಸ್ ಕೊಡಿಸಿ, ಸಾಕು."

ಸಿಂಹ ನರಿಯ ಕಡೆ ತಿರುಗಿತು. ಎಲ್ಲ ಉಂಡೆಗಳನ್ನೂ ನರಿಯೇ ತಂದು, ಅವಳು ತೋರಿಸಿದಲ್ಲಿ ಹೂಳಬೇಕೆಂದು ಹೇಳಿತು. ಉರುಳಿಸಲು ಬಾರದ ನರಿ ಒಂದೊಂದನ್ನೂ ಬಾಯಲ್ಲಿ ಕಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ತಂದಿತು. ಐದು ಬಂದವು. ನವಿಲಿನ ಉಂಡೆ ಬರಲಿಲ್ಲ. ನವಿಲು ಅದನ್ನು ಮೊದಲ ದಿನವೇ ಕುಕ್ಕಿ ಒಳಗಿದ್ದುದನ್ನು ತಿಂದಿತ್ತು. ದುಂಡವ್ವ ಏಳನೆಯ ಗುಂಡಿಯನ್ನು ಮುಚ್ಚದೆ ಹಾಗೇ ಬಿಟ್ಟಳು.

ಮರುದಿನ ಆನೆಗಳು ಹಾದುಹೋದವು. ಹೊಸ ಲದ್ದಿಯ ಮುಂದೆ ನಿಂತು ಅವಳು ಆಚೆ ಈಚೆ ನೋಡಿದಳು.

"ಮೊಲಣ್ಣ, ಇದು ಈಗ ಯಾರದು?"

"ನಿನ್ನದೇ ಕಣವ್ವ," ಎಂದಿತು ಮೊಲ, ಮೂಗು ಮುಚ್ಚಿಕೊಂಡು. "ಬೇಗ ತಗೊಂಡು ಹೋಗು."

ನೀತಿ: ಇದ್ದವರಿಂದ ಇಲ್ಲದವರಿಗೆ ಕೊಡಿಸುವುದು ಒಳ್ಳೆಯದೇ, ಆದರೆ ಅದರೊಳಗೆ ಏನಿದೆ, ಅದು ಯಾರಿಗೆ ಬೇಕು ಎಂದು ವಿಚಾರಿಸದೆ ಹಂಚಿದರೆ ಕೊಟ್ಟವರೂ ಕೆಡುತ್ತಾರೆ, ಪಡೆದವರಿಗೂ ದಕ್ಕುವುದಿಲ್ಲ.